ವ್ಯಾನಿನೊಳಗೆ ವಾಟರ್‌ಪ್ರೂಫ್ ಹೊದಿಕೆ ಹಾಕಿಸುವವರಿಗೆ ಒಂದು ಎಚ್ಚರಿಕೆ

ಹುಬ್ಬಳ್ಳಿಯಲ್ಲಿ ನಮ್ಮದು ಊಟ ಸರಬರಾಜು ಮಾಡುವ ಸಣ್ಣ ಉದ್ಯೋಗ. ತಾರಿಹಾಳದ ಕೈಗಾರಿಕಾ ಪ್ರದೇಶದ ಕೆಲವು ಕಾರ್ಖಾನೆಗಳಿಗೂ ವಿದ್ಯಾನಗರದ ಕಡೆಯ ಎರಡು ಹಾಸ್ಟೆಲ್ಲುಗಳಿಗೂ ಪ್ರತಿದಿನ ಮಧ್ಯಾಹ್ನ ರೊಟ್ಟಿ, ಪಲ್ಯ, ಅನ್ನ, ಸಾರು, ಮಜ್ಜಿಗೆ ಕಳಿಸುತ್ತೇವೆ. ಲಗ್ನದ ದಿನಗಳಲ್ಲಿ ಕುಂದಗೋಳ, ಅಣ್ಣಿಗೇರಿ, ಶಿಗ್ಗಾವಿಯವರೆಗೂ ಅಡುಗೆ ಹೋಗುತ್ತದೆ. ಇಷ್ಟಕ್ಕೂ ನಮಗಿರುವುದು ಒಂದೇ ಒಂದು ಮುಚ್ಚಿದ ವ್ಯಾನ್. ಆ ವ್ಯಾನಿಗೆ ಮೂರು ವರ್ಷ ತುಂಬುವ ಹೊತ್ತಿಗೆ ಅದರ ನೆಲದ ತಗಡು ಬೆರಳಿನಿಂದ ಒತ್ತಿದರೆ ಉದುರುವ ಸ್ಥಿತಿಗೆ ಬಂದಿತ್ತು. ಹಾಗಾಗಲು ಕಾರಣ ನಮ್ಮ ಅಲಕ್ಷ್ಯವಲ್ಲ, ಆ ತಗಡನ್ನು ಕಾಪಾಡಬೇಕೆಂದೇ ನಾವು ದುಡ್ಡು ಕೊಟ್ಟು ಹಾಕಿಸಿದ್ದ ಹೊದಿಕೆ. ಹಾಲು, ಮೀನು, ತರಕಾರಿ, ಬಣ್ಣ, ನೀರಿನ ಕ್ಯಾನು ಸಾಗಿಸುವವರು ಅನೇಕರು ಈಗ ಇದೇ ಕೆಲಸ ಮಾಡಿಸುತ್ತಿರುವುದನ್ನು ನೋಡುತ್ತಿದ್ದೇನೆ. ಅದಕ್ಕಾಗಿ ನಡೆದದ್ದನ್ನು ನಡೆದಂತೆಯೇ ಬರೆಯುತ್ತಿದ್ದೇನೆ.

ಹೊದಿಕೆ ಬೇಕು ಎಂದು ನಮಗೆ ಅನಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಎಷ್ಟೇ ಬಿಗಿಯಾಗಿ ಮುಚ್ಚಿದರೂ ರಸ್ತೆಯ ಉಬ್ಬುಗಳಲ್ಲಿ ಸಾರಿನ ಕೊಳಗದಿಂದ ಒಂದು ಸೌಟಿನಷ್ಟಾದರೂ ಚೆಲ್ಲುತ್ತದೆ. ಸಾರಿನಲ್ಲಿ ಹುಣಸೆಹುಳಿ ಮತ್ತು ಉಪ್ಪು ಇರುತ್ತದೆ, ಮಜ್ಜಿಗೆಯಲ್ಲಿ ಲ್ಯಾಕ್ಟಿಕ್ ಆಮ್ಲ ಇರುತ್ತದೆ, ಇವು ಮೂರೂ ಕಬ್ಬಿಣಕ್ಕೆ ಆಗದವು. ಕಂಪನಿಯಿಂದ ಬಂದ ತಗಡಿನ ನೆಲದಲ್ಲಿ ಉದ್ದುದ್ದಕ್ಕೆ ಏಣುಗಳಿದ್ದು, ಅವುಗಳ ನಡುವಿನ ತಗ್ಗಿನಲ್ಲಿ ಅನ್ನದ ಅಗುಳು, ಎಣ್ಣೆ ಜಿಡ್ಡು ಕೂತುಬಿಡುತ್ತಿತ್ತು. ಆಹಾರ ಸಾಗಿಸುವ ವಾಹನದ ಒಳಭಾಗ ಸುಲಭವಾಗಿ ತೊಳೆದು ಸ್ವಚ್ಛಗೊಳಿಸುವಂತಿರಬೇಕು ಎಂಬುದು ಆಹಾರ ಸುರಕ್ಷತೆಯ ನಿಯಮವೂ ಹೌದು. ಸಂಜೆ ಪೈಪಿನಿಂದ ನೀರು ಬಿಟ್ಟು ತಿಕ್ಕಿದರೆ ಹತ್ತು ನಿಮಿಷದಲ್ಲಿ ಚೊಕ್ಕಟವಾಗುವ, ಜೋಡುಗಳಿಲ್ಲದ ನೆಲ ಬೇಕು ಎಂಬುದಷ್ಟೇ ನಮ್ಮ ಅಪೇಕ್ಷೆಯಾಗಿತ್ತು.

2022ರ ಜೂನ್ ಎರಡನೆಯ ವಾರದಲ್ಲಿ, ಮುಂಗಾರು ಆಗಲೇ ಹಿಡಿದಿದ್ದಾಗ, ನಗರದ ಒಂದು ಅಂಗಡಿಯಲ್ಲಿ ಕೆಲಸ ಮಾಡಿಸಿದೆವು. ಬೆಳಿಗ್ಗೆ ವ್ಯಾನನ್ನು ತೊಳೆದು ಒಯ್ದಿದ್ದೆವು, ಏಣುಗಳ ನಡುವೆ ನೀರಿನ ಪಸೆ ಇನ್ನೂ ಇತ್ತು. ಅಂಗಡಿಯವರು ಬಟ್ಟೆಯಿಂದ ಒರೆಸಿ, ಹನ್ನೆರಡು ಮಿಲಿಮೀಟರ್ ಪ್ಲೈವುಡ್ಡನ್ನು ನೇರವಾಗಿ ತಗಡಿನ ಮೇಲೆ ಹಾಸಿ, ಮೂವತ್ತಾರು ಸ್ಕ್ರೂಗಳನ್ನು ನೆಲದ ತಗಡು ತೂತಾಗುವಂತೆ ಹೊಡೆದರು. ಮೇಲೆ ಅಂಟು ಬಳಿದು ದಪ್ಪನೆಯ ಕಪ್ಪು ರೆಕ್ಸಿನ್ ಹಾಳೆ ಎಳೆದು ಕೂಡಿಸಿದರು. ಗೋಡೆಗಳಿಗೆ ಸ್ಪಂಜು ಇಟ್ಟು ಅದೇ ಹಾಳೆ ಹೊದಿಸಿ, ಅಂಚುಗಳಿಗೆ ಅಲ್ಯೂಮಿನಿಯಂ ಪಟ್ಟಿ ಹೊಡೆದು, ಸಂದುಗಳಿಗೆಲ್ಲ ಸಿಲಿಕಾನ್ ತುಂಬಿದರು. ಸಿಲಿಕಾನಿನಿಂದ ವಿನೆಗರಿನಂಥ ಹುಳಿ ವಾಸನೆ ಮೂಗಿಗೆ ಬಡಿಯುತ್ತಿತ್ತು, ಅದರ ಅರ್ಥ ನನಗೆ ಆಗ ತಿಳಿದಿರಲಿಲ್ಲ. ನೆಲದಲ್ಲಿ ಅಲ್ಲಲ್ಲಿ ಇದ್ದ, ಒತ್ತಿದರೆ ತೆರೆದುಕೊಳ್ಳುವ ರಬ್ಬರ್ ಬಿರಡೆಗಳೂ ಈ ಹಾಸಿನ ಅಡಿಗೆ ಹೋದವು. ಒಟ್ಟು ಹದಿನೆಂಟೂವರೆ ಸಾವಿರ ರೂಪಾಯಿ ಕೊಟ್ಟೆವು. ‘ಇನ್ನು ಹನಿ ನೀರು ಸುದ್ದಾ ತಗಡಿಗೆ ಹತ್ತೂದಿಲ್ಲ’ ಎಂದು ಹೇಳಿ ಕಳಿಸಿದರು.

ಮೊದಲ ವರ್ಷ ನಮಗೆ ಬಹಳ ಸಂತೋಷವಾಗಿತ್ತು. 2023ರ ಆಗಸ್ಟಿನಲ್ಲಿ ಪಾಸಿಂಗಿಗೆ, ಅಂದರೆ ಗಾಡಿಯ ಫಿಟ್‌ನೆಸ್ ತಪಾಸಣೆಗೆ, ಒಯ್ದಾಗಲೂ ಹೊರಗೆ ಕಾಣುವಂತಹ ದೋಷ ಏನೂ ಇರಲಿಲ್ಲ. ಆ ಚಳಿಗಾಲದಲ್ಲಿ ಮೊದಲ ಸೂಚನೆ ಕಂಡಿತು: ಬೆಳಿಗ್ಗೆ ಬಾಗಿಲು ತೆರೆದರೆ ನೆನೆದ ಗೋಣಿಚೀಲದಂತಹ ಒಂದು ಮುಗ್ಗುಲು ವಾಸನೆ. ಸೋಡಾಪುಡಿ ಹಾಕಿ ತಿಕ್ಕಿದೆವು, ನಿಂಬೆಹುಳಿ ಹಚ್ಚಿದೆವು, ದಿನವಿಡೀ ಬಾಗಿಲು ತೆರೆದು ಬಿಸಿಲಿಗೆ ನಿಲ್ಲಿಸಿದೆವು. ಮೇಲೆ ಏನೂ ಇಲ್ಲದಿದ್ದರೂ ವಾಸನೆ ಹೋಗಲಿಲ್ಲ. ಏಪ್ರಿಲ್ ಬಿಸಿಲಿಗೆ ಅಂಟು ಮೆತ್ತಗಾಗಿ ರೆಕ್ಸಿನ್ ಅಲ್ಲಲ್ಲಿ ಬೊಬ್ಬೆಯೆದ್ದಿತು, ನೆಲದ ನಡುವೆ ಒಂದು ಕಡೆ ಅಂಗೈಯಗಲ ಉಬ್ಬು ಬಂದಿತು. ಹಲಗೆ ನೀರು ಕುಡಿದು ಉಬ್ಬಿರಬೇಕು, ದೀಪಾವಳಿಯ ಹೊತ್ತಿಗೆ ಬದಲಿಸಿದರಾಯಿತು ಎಂದುಕೊಂಡೆವು. ಆ ವಿಳಂಬವೇ ನಮಗೆ ಹೆಚ್ಚು ತುಟ್ಟಿಯಾಯಿತು.

2024ರ ಆಗಸ್ಟಿನ ಒಂದು ದಿನ ಮಳೆ ಇಲ್ಲದಿದ್ದರೂ ವ್ಯಾನ್ ನಿಂತಿದ್ದ ಜಾಗದಲ್ಲಿ ಚಹಾದ ಬಣ್ಣದ ನೀರು ಹನಿಹನಿಯಾಗಿ ಬಿದ್ದಿತ್ತು. ಎಂಜಿನ್ ಎಣ್ಣೆ ಇರಬಹುದೆಂದು ಗ್ಯಾರೇಜಿಗೆ ಒಯ್ದೆ. ಮೇಸ್ತ್ರಿ ಗಾಡಿಯನ್ನು ಎತ್ತಿಸಿ, ಕೆಳಗಿನಿಂದ ಸ್ಕ್ರೂಡ್ರೈವರಿನ ಹಿಡಿಯಿಂದ ನೆಲವನ್ನು ಬಡಿಯುತ್ತಾ ಹೋದರು. ಗಟ್ಟಿ ತಗಡು ಠಣ್ ಎನ್ನುತ್ತದೆ. ನಮ್ಮದು ನಡುಭಾಗಕ್ಕೆ ಬಂದಾಗ ಒದ್ದೆ ರಟ್ಟನ್ನು ಬಡಿದಂತೆ ಸಪ್ಪಳ ಮಾಡಿತು. ಅವರು ಸ್ಕ್ರೂಡ್ರೈವರನ್ನು ತಿರುಗಿಸಿ ಚೂಪು ತುದಿಯಿಂದ ಮೆಲ್ಲಗೆ ಒತ್ತಿದರು, ಅದು ಹಿಡಿಯವರೆಗೆ ಒಳಗೆ ಹೋಯಿತು. ನೆಲದಿಂದ ಕೆಳಗೆ ಚಾಚಿಕೊಂಡಿದ್ದ ಸ್ಕ್ರೂಗಳನ್ನು ತೋರಿಸಿದರು. ಅವುಗಳಲ್ಲಿ ಒಂದರ ತುದಿ ಹಿಂದಿನ ಚಕ್ರಗಳಿಗೆ ಹೋಗುವ ಬ್ರೇಕ್ ಪೈಪಿನಿಂದ ಎರಡು ಬೆರಳು ದೂರದಲ್ಲಿತ್ತು. ತುಕ್ಕಿನ ವಿಷಯ ಏನೇ ಇರಲಿ, ಎರಡು ವರ್ಷಗಳಿಂದ ಗಬ್ಬೂರಿನ ಬೈಪಾಸಿನಲ್ಲಿ ನಮ್ಮ ಹುಡುಗರು ಅದೇ ಗಾಡಿಯನ್ನು ಓಡಿಸುತ್ತಿದ್ದರು ಎಂಬುದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಹೊದಿಕೆಯನ್ನು ಕಿತ್ತಾಗ ಪ್ಲೈವುಡ್ಡಿನ ಅಡಿಭಾಗ ಕಪ್ಪಾಗಿ, ಪದರ ಪದರವಾಗಿ ಬಿಟ್ಟುಕೊಂಡು, ಬಿಳಿ ಬೂಷ್ಟು ಹಿಡಿದಿತ್ತು. ತಗಡಿನ ಮೇಲೆ ತುಕ್ಕು ಹಪ್ಪಳಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಎದ್ದು ನಿಂತಿತ್ತು. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಕಾಗುತ್ತದೆ. ನಾವು ಹಲಗೆಯದೆಂದು ತಿಳಿದ ಉಬ್ಬು ಕೆಳಗಿನಿಂದ ಬೆಳೆಯುತ್ತಿದ್ದ ಈ ತುಕ್ಕಿನದಾಗಿತ್ತು.

ನೀರು ಒಳಗೆ ಹೇಗೆ ಹೋಯಿತು ಎಂಬುದನ್ನು ನಾನು ಮೇಸ್ತ್ರಿಯವರೊಂದಿಗೂ ಬಣ್ಣದ ಕೆಲಸ ಬಲ್ಲ ಇನ್ನಿಬ್ಬರೊಂದಿಗೂ ಕೂತು ವಿಚಾರಿಸಿದೆ. ಒಂದಷ್ಟು ನೀರು ಕೆಲಸದ ದಿನವೇ ಹಲಗೆಯ ಕೆಳಗೆ ಉಳಿದಿತ್ತು. ಒಂದಷ್ಟು ಪ್ರತಿದಿನ ತೊಳೆಯುವಾಗ ಅಂಚಿನ ಪಟ್ಟಿಗಳ ಸಂದಿನಿಂದ ಇಳಿಯುತ್ತಿತ್ತು. ಗಾಡಿ ಓಡುವಾಗ ತಗಡೂ ಹಲಗೆಯೂ ಬೇರೆಬೇರೆಯಾಗಿ ಅಲುಗುವುದರಿಂದ, ಸಿಲಿಕಾನ್ ಮೊದಲ ವರ್ಷವೇ ಒಂದು ಬದಿ ಬಿಟ್ಟುಕೊಂಡಿತ್ತು. ನಾವು ಯಾರೂ ಊಹಿಸದಿದ್ದ ದಾರಿಯೆಂದರೆ ಆವಿ. ಬೆಳಗಿನ ತಂಪಿನಲ್ಲಿ ಕುದಿಯುವ ಅನ್ನದ ಹಂಡೆಗಳನ್ನು ಒಳಗಿಟ್ಟು ಬಾಗಿಲು ಹಾಕಿದಾಗ, ಆ ಆವಿ ಸಂದುಗಳಲ್ಲಿ ನುಸುಳಿ, ಹೊದಿಕೆಯ ಹಿಂದಿನ ತಣ್ಣನೆಯ ತಗಡಿಗೆ ತಾಗಿ, ಮುಚ್ಚಳದ ಒಳಮೈಯಲ್ಲಿ ಹನಿಗಟ್ಟುವಂತೆಯೇ ಅಲ್ಲಿ ಹನಿಗಟ್ಟುತ್ತಿತ್ತು. ಗೋಡೆಯ ಸ್ಪಂಜು ಆ ನೀರನ್ನು ಹೀರಿ ಹಿಡಿದಿಟ್ಟುಕೊಂಡು, ಮೆಲ್ಲಗೆ ನೆಲಕ್ಕೆ ಬಿಡುತ್ತಿತ್ತು. ಹೀಗೆ ಸೇರಿದ ನೀರು ಹೊರಗೆ ಹರಿದುಹೋಗಲು ಕಂಪನಿಯವರು ಬಿಟ್ಟಿದ್ದ ತೂತುಗಳು ನಮ್ಮ ಹಲಗೆಯ ಅಡಿಯಲ್ಲಿ ಮುಚ್ಚಿಹೋಗಿದ್ದವು. ಅಂದರೆ ಮೇಲಿನ ನೀರು ಇಳಿಯಬಾರದೆಂದು ಹಾಕಿದ ರೆಕ್ಸಿನ್, ಇಳಿದ ನೀರು ಆವಿಯಾಗಿ ಮೇಲೆ ಹೋಗುವುದನ್ನೂ ಅಷ್ಟೇ ಚೆನ್ನಾಗಿ ತಡೆದಿತ್ತು.

ಇದಕ್ಕೆ ಉಪ್ಪು ಸೇರಿತು. ಉಪ್ಪು ಗಾಳಿಯಿಂದಲೂ ತೇವವನ್ನು ಎಳೆದುಕೊಳ್ಳುವ ವಸ್ತುವಾದ್ದರಿಂದ, ಬೇಸಿಗೆಯಲ್ಲೂ ಹಲಗೆಯ ಅಡಿ ಪೂರ್ತಿ ಒಣಗಲಿಲ್ಲ. ಗಾಳಿ ಆಡದ ಜಾಗದಲ್ಲಿ ತುಕ್ಕು ಕಡಿಮೆ ಎಂದು ನಾನು ನಂಬಿದ್ದೆ, ಇದು ತಪ್ಪು. ಒಂದೇ ತಗಡಿನ ಒಂದು ಭಾಗಕ್ಕೆ ಆಮ್ಲಜನಕ ಚೆನ್ನಾಗಿ ಸಿಕ್ಕು, ಇನ್ನೊಂದು ಭಾಗ ಒದ್ದೆ ಹೊದಿಕೆಯ ಅಡಿಯಲ್ಲಿ ಅದರಿಂದ ವಂಚಿತವಾದರೆ, ಎರಡರ ನಡುವೆ ಒಂದು ಸಣ್ಣ ಬ್ಯಾಟರಿಯಂತಹ ಕ್ರಿಯೆ ಹುಟ್ಟುತ್ತದೆ, ಅದರಲ್ಲಿ ಸವೆಯುವುದು ಆಮ್ಲಜನಕ ಕಡಿಮೆ ಇರುವ ಭಾಗವೇ. ಸ್ಕ್ರೂ ಹೊಡೆದ ಮೂವತ್ತಾರು ಜಾಗಗಳಲ್ಲಿ ಬಣ್ಣವೂ ಪ್ರೈಮರೂ ಕಿತ್ತುಹೋಗಿ ಬರಿ ಕಬ್ಬಿಣ ತೆರೆದಿತ್ತು, ತುಕ್ಕು ಅಲ್ಲಿಂದಲೇ ವೃತ್ತವೃತ್ತವಾಗಿ ಹಬ್ಬಿತ್ತು. ಸಿಲಿಕಾನಿನ ಹುಳಿ ವಾಸನೆಯ ಅರ್ಥವೂ ಆಗ ತಿಳಿಯಿತು: ಆ ಬಗೆಯ ಸಿಲಿಕಾನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಅದು ಗಾಜಿಗೆ ಸರಿ, ಬರಿ ಕಬ್ಬಿಣಕ್ಕೆ ಅಲ್ಲ. ಲೋಹಕ್ಕೆ ಬೇಕಾದದ್ದು ‘ನ್ಯೂಟ್ರಲ್’ ಎಂದು ಟ್ಯೂಬಿನ ಮೇಲೆ ಬರೆದಿರುವ ಬಗೆ, ಇಲ್ಲವೇ ವಾಹನಗಳಿಗೆಂದೇ ಬರುವ ಪಾಲಿಯುರೆಥೇನ್ ಸೀಲೆಂಟ್. ಪ್ಲೈವುಡ್ಡನ್ನೂ ನೀರಿಗೆ ತಡೆಯುವ ‘ಮರೀನ್’ ದರ್ಜೆಯದು ಎಂದು ಹೇಳಿ ಹಾಕಿದ್ದರು. ಆ ದರ್ಜೆಯ ಹಲಗೆಯ ಮೇಲೆ ಐಎಸ್ 710 ಎಂಬ ಭಾರತೀಯ ಮಾನಕದ ಗುರುತು ಇರಬೇಕು; ನಾವು ಕಿತ್ತ ಯಾವ ತುಂಡಿನ ಮೇಲೂ ಅದು ಸಿಗಲಿಲ್ಲ.

ಅಂಗಡಿಯವರಲ್ಲಿಗೆ ಹೋದಾಗ, ಹೊದಿಕೆ ಹರಿದಿಲ್ಲವಾದ್ದರಿಂದ ತಮ್ಮ ಕೆಲಸದಲ್ಲಿ ಕೊರತೆಯಿಲ್ಲ, ತುಕ್ಕು ಗಾಡಿಯ ದೋಷ ಎಂದರು. ನಮ್ಮ ಹತ್ತಿರ ಇದ್ದದ್ದು ಮೊತ್ತ ಮಾತ್ರ ಬರೆದ ಒಂದು ಚೀಟಿ. ಏನು ಸಾಮಾನು, ಯಾವ ದರ್ಜೆ, ತಗಡಿಗೆ ಮೊದಲು ಏನು ಬಳಿದರು ಎಂಬ ಒಂದು ಸಾಲೂ ಅದರಲ್ಲಿ ಇರಲಿಲ್ಲ. ವಾಹನ ಕಂಪನಿಯ ಸರ್ವಿಸ್ ಕೇಂದ್ರದವರು ಹೊರಗಿನವರು ತೂತು ಹೊಡೆದ ತಗಡಿನ ಹೊಣೆ ತಮ್ಮದಲ್ಲ ಎಂದರು. ಆ ಮಾತನ್ನು ನಾನು ಅಲ್ಲಗಳೆಯಲಾರೆ.

ಕೊಳೆತ ಭಾಗವನ್ನು ಕತ್ತರಿಸಿ ಹದಿನೆಂಟು ಗೇಜಿನ ತಗಡು ಬೆಸೆದು, ಬಣ್ಣ ಮಾಡಿಸಲು ನಲವತ್ತಾರು ಸಾವಿರ ರೂಪಾಯಿ ಆಯಿತು. ಹದಿನೇಳು ದಿನ ವ್ಯಾನ್ ನಿಂತಿತು, ಆ ದಿನಗಳಿಗೆ ಬಾಡಿಗೆ ಗಾಡಿ ಹಿಡಿಯಬೇಕಾಯಿತು. ಶ್ರಾವಣದ ಆರ್ಡರುಗಳಲ್ಲಿ ಎರಡು ಕೈತಪ್ಪಿದವು.

ಎರಡನೆಯ ಸಲ ಏನು ಮಾಡಿಸಿದೆವು ಎಂಬುದನ್ನು ಹೇಳುತ್ತೇನೆ, ಏಕೆಂದರೆ ಹೊದಿಕೆಯೇ ಬೇಡ ಎಂಬುದು ನನ್ನ ಅಭಿಪ್ರಾಯವಲ್ಲ. ಮೊದಲು ತಗಡನ್ನೇ ಕಾಪಾಡಿದೆವು. ತುಕ್ಕನ್ನು ಬ್ರಷ್ ಚಕ್ರದಿಂದ ಕೆರೆದು, ಉಳಿದ ಕಲೆಗೆ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿ, ತೊಳೆದು, ಎರಡು ದಿನ ಪೂರ್ತಿ ಒಣಗಿಸಿದೆವು. ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಬಳಿದು, ಅದರ ಮೇಲೆ ಪಾಲಿಯುರೆಥೇನ್ ಬಣ್ಣವನ್ನು ಎರಡು ಸಲ ಹೊಡೆಸಿದೆವು. ಬೆಸುಗೆಯ ಬಿಸಿಗೆ ತಗಡಿನ ಹಿಂಬದಿಯ, ಕಣ್ಣಿಗೆ ಕಾಣದ ಟೊಳ್ಳುಗಳ ಒಳಗಿನ ಬಣ್ಣವೂ ಸುಟ್ಟಿರುತ್ತದೆಯಾದ್ದರಿಂದ ಅಲ್ಲಿಗೆ ಮೇಣದ ಸ್ಪ್ರೇ ಹಾಕಿಸಿದೆವು. ಇದನ್ನು ಕೇಳಿ ಮಾಡಿಸದಿದ್ದರೆ ಯಾರೂ ತಾವಾಗಿ ಮಾಡುವುದಿಲ್ಲ. ನೀರು ಹೋಗುವ ತೂತುಗಳನ್ನೆಲ್ಲ ತೆರೆದೇ ಇಟ್ಟೆವು.

ಅದರ ಮೇಲೆ ಫೈಬರ್‌ಗ್ಲಾಸಿನ ಒಂದು ದೊಡ್ಡ ತಟ್ಟೆಯನ್ನು ಅಳತೆಗೆ ತಕ್ಕಂತೆ ಮಾಡಿಸಿದೆವು. ಅದು ಒಂದೇ ತುಂಡು, ಸುತ್ತಲೂ ನಾಲ್ಕು ಇಂಚು ಏರಿದ ಅಂಚು, ಹಿಂಬಾಗಿಲ ಬದಿಗೆ ನೀರು ಬಿಡುವ ಒಂದು ಬಿರಡೆ. ಅದನ್ನು ಅಂಟಿಸಿಲ್ಲ, ಸ್ಕ್ರೂ ಹೊಡೆದಿಲ್ಲ. ಗಾಡಿಯಲ್ಲಿ ಮೊದಲೇ ಇದ್ದ ಕೊಂಡಿಗಳಿಗೆ ಬೆಲ್ಟಿನಿಂದ ಕಟ್ಟಿದ್ದೇವೆ. ತಟ್ಟೆಯ ಕೆಳಗೆ ಏಣುಗಳ ಮೇಲೆ ರಬ್ಬರಿನ ಪಟ್ಟಿಗಳಿದ್ದು, ನಡುವೆ ಗಾಳಿ ಆಡುತ್ತದೆ. ಹದಿನೈದು ದಿನಕ್ಕೊಮ್ಮೆ ಇಬ್ಬರು ಸೇರಿ ಅದನ್ನು ಎತ್ತಿ ಹೊರಗಿಟ್ಟು, ಅಡಿಯ ತಗಡನ್ನು ಒರೆಸಿ ಒಣಗಿಸುತ್ತೇವೆ. ಗೋಡೆಗಳಿಗೆ ಏನನ್ನೂ ಹೊದಿಸಿಲ್ಲ. ಇದಕ್ಕೆ ಇಪ್ಪತ್ತೊಂದು ಸಾವಿರ ಬಿತ್ತು. ಫೈಬರ್‌ಗ್ಲಾಸಿನ ರಾಳಕ್ಕೆ ಸ್ಟೈರೀನಿನ ಘಾಟು ಇರುತ್ತದೆ. ಆಹಾರ ಸಾಗಿಸುವವರು ಆ ಘಾಟು ಪೂರ್ತಿ ಹೋಗುವವರೆಗೆ ತಟ್ಟೆಯನ್ನು ಬಳಸಬಾರದು, ನಾವು ಒಂದು ವಾರ ಬಯಲಲ್ಲಿ ಇಟ್ಟಿದ್ದೆವು.

ಸ್ಪ್ರೇ ಮಾಡಿ ಹಾಕುವ ಪಾಲಿಯೂರಿಯಾ, ಪಾಲಿಯುರೆಥೇನ್ ಲೇಪಗಳ ಬಗ್ಗೆ ಹಲವರು ಕೇಳುತ್ತಾರೆ. ಲೇಪ ತಗಡಿಗೇ ಅಂಟಿಕೊಳ್ಳುವುದರಿಂದ ನಡುವೆ ನೀರು ನಿಲ್ಲಲು ಜಾಗವಿರುವುದಿಲ್ಲ, ಸರಿಯಾಗಿ ಮಾಡಿದರೆ ಒಳ್ಳೆಯ ಕೆಲಸ. ಆದರೆ ಅದರ ಬಲವೆಲ್ಲ ತಗಡನ್ನು ಉಜ್ಜಿ, ಜಿಡ್ಡು ತೆಗೆದು, ಪ್ರೈಮರ್ ಹಚ್ಚುವುದರಲ್ಲಿದೆ. ತುಕ್ಕಿನ ಮೇಲೆ ಹೊಡೆದರೆ ಲೇಪದ ಅಡಿಯಲ್ಲಿ ತುಕ್ಕು ಕಾಣದಂತೆ ಬೆಳೆಯುತ್ತದೆ. ಪಾಲಿಯುರೆಥೇನ್ ಲೇಪಕ್ಕೆ ಬೆರೆಸುವ ಎರಡು ದ್ರವಗಳ ಪೈಕಿ ಒಂದರಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ತೇವದೊಂದಿಗೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಲೇಪದಲ್ಲಿ ಗುಳ್ಳೆಗಳಾಗುತ್ತವೆ. ಆದ್ದರಿಂದ ಮಳೆಗಾಲದಲ್ಲಿ, ತೆರೆದ ಶೆಡ್ಡಿನಲ್ಲಿ, ಇವತ್ತೇ ಮಾಡಿಕೊಡುತ್ತೇವೆ ಎನ್ನುವವರಿಗೆ ಗಾಡಿ ಕೊಡಬೇಡಿ. ಅದೇ ಐಸೊಸಯನೇಟಿನ ಸಿಂಪರಣೆ ಉಸಿರಿನಲ್ಲಿ ಹೋದರೆ ಆಸ್ತಮಾ ಬರಿಸಬಲ್ಲದು. ಸರಿಯಾದ ಉಸಿರಾಟದ ಮುಖವಾಡವಿಲ್ಲದೆ, ಮೂಗಿಗೆ ಟವೆಲ್ ಕಟ್ಟಿಕೊಂಡ ಹುಡುಗನಿಂದ ಈ ಕೆಲಸ ಮಾಡಿಸುವ ಕಡೆ ನಿಮ್ಮ ಹಣ ಹೋಗದಿರಲಿ.

ಈಗಾಗಲೇ ಹಲಗೆ, ರೆಕ್ಸಿನ್ ಹಾಕಿಸಿರುವವರು ಪೂರ್ತಿ ಕೀಳುವ ಮೊದಲು ಒಂದು ಪರೀಕ್ಷೆ ಮಾಡಬಹುದು. ಹಿಂದಿನ ಚಕ್ರದ ಮೇಲ್ಭಾಗದ ಹತ್ತಿರ, ನೀರು ಹೆಚ್ಚು ಸೇರುವ ಮೂಲೆಯಲ್ಲಿ, ನೆಲದ ಒಂದು ಸ್ಕ್ರೂವನ್ನು ಬಿಚ್ಚಿ ಅದರ ಎಳೆಗಳನ್ನು ನೋಡಿ. ಹೊಳಪು ಉಳಿದಿದ್ದರೆ ಅಲ್ಲಿಗೆ ‘ನ್ಯೂಟ್ರಲ್’ ಸೀಲೆಂಟ್ ಹಚ್ಚಿ ಮತ್ತೆ ಬಿಗಿಯಬಹುದು, ಮುಂದಿನ ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ನೋಡಬೇಕು. ಎಳೆಗಳು ಸವೆದು ಕಂದು ಪುಡಿ ಉದುರಿದರೆ, ಅಥವಾ ಸ್ಕ್ರೂ ತಿರುಗಿಸಿದಷ್ಟೂ ಹಿಡಿತವಿಲ್ಲದೆ ಸುತ್ತಿದರೆ, ಮರುದಿನದ ಬಾಡಿಗೆಯನ್ನು ಬಿಟ್ಟು ಆ ಸಂಜೆಯೇ ಹಲಗೆ ಎಬ್ಬಿಸಿ.