ಬಾದಾಮಿಯಲ್ಲಿ ಪನೋರಮಾನಾ, ಎಚ್‌ಡಿಆರಾ?

ಬಾದಾಮಿಯಲ್ಲಿ ಫೋಟೊ ತೆಗೆಯಲು ಪನೋರಮಾ (ಅಕ್ಕಪಕ್ಕದ ಫೋಟೊಗಳನ್ನು ಜೋಡಿಸಿ ಒಂದು ಅಗಲ ಚಿತ್ರ ಮಾಡುವುದು) ಒಳ್ಳೆಯದಾ, ಎಚ್‌ಡಿಆರ್ (ಒಂದೇ ದೃಶ್ಯದ ಕಪ್ಪು, ಬಿಳುಪು ಫೋಟೊಗಳಲ್ಲ, ಬೆಳಕು ಹೆಚ್ಚು ಕಡಿಮೆ ಮಾಡಿ ತೆಗೆದ ಫೋಟೊಗಳನ್ನು ಬೆರೆಸುವುದು) ಒಳ್ಳೆಯದಾ ಅಂತ ಕೇಳಿದ್ದೀರಿ. ಎಲ್ಲಿ ನಿಂತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ.

ಅಗಸ್ತ್ಯ ಕೆರೆಯ ದಂಡೆಯಲ್ಲಿ ಪನೋರಮಾ ಚೆಂದ. ಆ ಕೆಂಪು ಬಂಡೆಗಳ ಸಾಲು ಒಂದೇ ಫೋಟೊದಲ್ಲಿ ಹಿಡಿಯುವುದೇ ಇಲ್ಲ. ಕ್ಯಾಮೆರಾ ಲಂಬವಾಗಿ ಹಿಡಿಯಿರಿ, ಎಕ್ಸ್‌ಪೋಶರ್ (ಫೋಟೊಗೆ ಬೀಳುವ ಬೆಳಕಿನ ಪ್ರಮಾಣ) ಬದಲಾಗದಂತೆ ಲಾಕ್ ಮಾಡಿ, ಪ್ರತಿ ಫೋಟೊದಲ್ಲೂ ಹಿಂದಿನದರ ಮೂರನೇ ಒಂದು ಭಾಗ ಬರಲಿ. ಟ್ರೈಪಾಡ್ ಇಲ್ಲದೆಯೂ ನಡೆಯುತ್ತದೆ. ಹತ್ತಿರದಲ್ಲಿ ಕಂಬ, ಮೆಟ್ಟಿಲು ಇದ್ದರೆ ಮಾತ್ರ ಜೋಡಣೆ ಕೆಡುತ್ತದೆ.

ಗುಹೆಯೊಳಗಿಂದ ಕೆರೆ ತೆಗೆಯಬೇಕಾ? ಒಳಗೆ ಕತ್ತಲೆ, ಹೊರಗೆ ಬಿಸಿಲು. ಅಲ್ಲಿ ಎಚ್‌ಡಿಆರ್ ಒಳ್ಳೆಯದು: ಎಕ್ಸ್‌ಪೋಶರ್ ಮೈನಸ್ 2, 0, ಪ್ಲಸ್ 2 ಇಟ್ಟು ಮೂರು ಫೋಟೊ ತೆಗೆಯಿರಿ. ಕ್ಯಾಮೆರಾ ಅಲುಗಬಾರದು. ಬಣ್ಣ ಜಾಸ್ತಿ ಎಳೆಯಬೇಡಿ, ಕಲ್ಲು ಪ್ಲಾಸ್ಟಿಕ್ ಥರ ಕಾಣುತ್ತದೆ.

ಖರ್ಚು ಎರಡಕ್ಕೂ ಅಷ್ಟೇ, ಫೋಟೊ ಜೋಡಿಸುವ ಹಗಿನ್ ಸಾಫ್ಟ್‌ವೇರ್ ಉಚಿತ. ಗೋಕಾಕ ಜಲಪಾತಕ್ಕೆ ಹೋದರೆ, ನೀರು ಓಡುತ್ತಿರುವುದರಿಂದ ಹಲವು ಫೋಟೊ ಸರಿಯಾಗಿ ಕೂಡುವುದಿಲ್ಲ, ಒಂದೇ ರಾ ಫೋಟೊ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ಸಾಕು.