ಚೆಂಡನ್ನು ಬಿಟ್ಟು ಆಟಗಾರನನ್ನು ತೋರಿಸುವ ಕ್ಯಾಮೆರಾ

ಒಂದು ಸೀಸನ್ ಪೂರ್ತಿ ದುಡ್ಡು ಕಟ್ಟಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನಾನು ತೆಗೆದುಕೊಂಡಿದ್ದು ಎನ್‌ಎಫ್‌ಎಲ್ ಪ್ಲಸ್ ಪ್ರೀಮಿಯಂ ಚಂದಾ, ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ವಿಡಿಯೊ ಸೇವೆ. ಅದರೊಳಗೆ ಹತ್ತಾರು ಸೌಲಭ್ಯಗಳಿವೆ, ನಾನು ಬಳಸಿದ್ದು ಒಂದನ್ನೇ: ಆಲ್-22 ಫಿಲ್ಮ್. ಆ ಫಿಲ್ಮ್‌ನಲ್ಲೂ ಹೆಚ್ಚುಕಡಿಮೆ ಒಬ್ಬನೇ ಆಟಗಾರನ ಬೆನ್ನು ಹತ್ತಿದೆ. ವಾಷಿಂಗ್ಟನ್ ಕಮಾಂಡರ್ಸ್ ತಂಡದ ಮೈಕ್ ಸೇನ್‌ರಿಸ್ಟಿಲ್, ಜೆರ್ಸಿ ನಂಬರ್ 0. ಎತ್ತರ 5 ಅಡಿ 9 ಇಂಚು, ತೂಕ 182 ಪೌಂಡ್, ಅಂದರೆ 82 ಕಿಲೊ ಮೇಲೆ ಸ್ವಲ್ಪ. ಮಂಡ್ಯದ ಕಡೆ ಇಂಥವನನ್ನು ಕಟ್ಟುಮಸ್ತಾದ ಆಳು ಅನ್ನುತ್ತಾರೆ. ಎನ್‌ಎಫ್‌ಎಲ್‌ನಲ್ಲಿ ಕಾರ್ನರ್‌ಬ್ಯಾಕ್ (ಚೆಂಡು ಹಿಡಿಯಲು ಓಡುವ ಎದುರಾಳಿಯನ್ನು ಅಂಚಿನಲ್ಲಿ ಕಾಯುವವನು) ಆಗುವುದಕ್ಕೆ ಈ ಮೈ ಸಾಲದು ಅನ್ನುವವರೇ ಜಾಸ್ತಿ.

ಇದೆಲ್ಲ ನನಗೆ ಯಾಕೆ ಬೇಕಾಯಿತು ಅಂತ ಹೇಳಿಬಿಡುತ್ತೇನೆ. ನಾವಿರುವುದು ವರ್ಜೀನಿಯಾದ ಆ್ಯಶ್‌ಬರ್ನ್‌ನಲ್ಲಿ. ಕಮಾಂಡರ್ಸ್ ತಂಡದ ಕಚೇರಿ, ಅಭ್ಯಾಸದ ಮೈದಾನ ಎಲ್ಲ ಇರುವುದೂ ಇದೇ ಊರಲ್ಲಿ. ಕನ್ನಡ ಕಿವಿಗೆ ಬೀಳದ ದಿನಸಿ ಅಂಗಡಿ ಇಲ್ಲಿ ಅಪರೂಪ, ಕಮಾಂಡರ್ಸ್ ಬಾವುಟ ಕಾಣದ ಬೀದಿಯೂ ಅಪರೂಪ. ನನ್ನ ಮಗನಿಗೆ ಆಗ ಹದಿಮೂರು ವರ್ಷ. ಮೂರು ವರ್ಷದಿಂದ ಫುಟ್‌ಬಾಲ್ ಆಡುತ್ತಿದ್ದ, ಕಾರ್ನರ್ ಜಾಗ ಅಂದರೆ ಪ್ರಾಣ. 2024ರ ಆಗಸ್ಟ್‌ನಲ್ಲಿ ಅವನ ಕೋಚ್ ನನ್ನನ್ನು ಪಕ್ಕಕ್ಕೆ ಕರೆದು, 'ಹುಡುಗ ಚೂಟಿ, ಆದರೆ ಕಾರ್ನರ್‌ಗೆ ತುಂಬ ಸಣ್ಣವನಾಗಿಬಿಟ್ಟ' ಅಂದರು. ಮಗ ದೂರದಲ್ಲಿ ಬೂಟಿನ ಲೇಸ್ ಬಿಚ್ಚುತ್ತ ಕೂತಿದ್ದ. ಬಿಚ್ಚಿ ಮುಗಿದಿದ್ದರೂ ತಲೆ ಎತ್ತಲಿಲ್ಲ.

ನಾನು ಕಾಲೇಜಿನಲ್ಲಿ ಕಬಡ್ಡಿ ಆಡಿದವಳು, ಬಲಗಡೆಯ ಕಾರ್ನರ್. ನನ್ನ ಎತ್ತರ 5 ಅಡಿ 1 ಇಂಚು. ಕಬಡ್ಡಿಯಲ್ಲಿ ಕಾರ್ನರ್‌ಗೆ ಎತ್ತರ ಕೇಳುವವರಿಲ್ಲ. ರೈಡರ್ ಬೋನಸ್ ಗೆರೆಗೆ ಕಾಲು ಚಾಚುವ ಅರೆಗಳಿಗೆಯಲ್ಲಿ ನೆಲಕ್ಕೆ ಅಂಟಿದ ಹಾಗೆ ಹೋಗಿ ಅವಳ ಹಿಮ್ಮಡಿ ಹಿಡಿಯಬೇಕು. ಹಿಡಿದರೆ ಬಿಡಬಾರದು, ಪಕ್ಕದವರು ಬಂದು ಮೇಲೆ ಬೀಳುವ ತನಕ ಬಿಡಬಾರದು. ಉದ್ದದವರಿಗೆ ಅಷ್ಟು ಕೆಳಗೆ ಇಳಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹಾಗಾಗಿ ಆ ಕೋಚ್ ಮಾತು ನನಗೆ ಅರ್ಥವಾಗಲಿಲ್ಲ. ಜಗಳ ಆಡುವ ಮೊದಲು ಆಟ ಕಲಿಯೋಣ ಅನಿಸಿತು. ಕಲಿಯುವುದಕ್ಕೆ ಟಿವಿ ಮುಂದೆ ಕೂತರೆ, ಕಾರ್ನರ್‌ಬ್ಯಾಕ್ ಅನ್ನುವವನು ಕಾಣಿಸುವುದೇ ಇಲ್ಲ!

ಇದು ಯಾರ ತಪ್ಪೂ ಅಲ್ಲ, ಪ್ರಸಾರ ಇರುವುದೇ ಹಾಗೆ. ಸ್ನ್ಯಾಪ್ ಆದ ಕೂಡಲೇ, ಅಂದರೆ ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾದ ಕೂಡಲೇ, ಕ್ಯಾಮೆರಾ ಚೆಂಡಿಗೆ ಅಂಟಿಕೊಳ್ಳುತ್ತದೆ. ಕಾರ್ನರ್ ಮತ್ತು ಅವನು ಕಾಯುತ್ತಿರುವ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಇಬ್ಬರೂ ಒಂದೇ ಸೆಕೆಂಡಿಗೆ ಪರದೆಯ ಅಂಚಿನಿಂದ ಆಚೆ ಹೋಗಿಬಿಡುತ್ತಾರೆ. ಮತ್ತೆ ಕಾಣುವುದು ಚೆಂಡು ಗಾಳಿಯಲ್ಲಿ ಅವರ ಕಡೆ ಹೊರಟ ಮೇಲೆ. ಅಲ್ಲಿ ಕಾರ್ನರ್ ಎರಡು ಹೆಜ್ಜೆ ಹಿಂದಿದ್ದರೆ 'ಸೋತ' ಅಂತೀವಿ. ಯಾಕೆ ಹಿಂದಾದ, ಎಲ್ಲಿ ಕಾಲು ತಪ್ಪಿತು, ಹಿಂದೆ ಕಾವಲಿರುವ ಸೇಫ್ಟಿ ಬರಬೇಕಿತ್ತಾ, ಏನೂ ಗೊತ್ತಾಗುವುದಿಲ್ಲ. ಇನ್ನೂ ದೊಡ್ಡ ಅನ್ಯಾಯ ಅಂದರೆ, ಕಾರ್ನರ್ ಚೆನ್ನಾಗಿ ಆಡಿದರೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಆ ಕಡೆ ಎಸೆಯುವುದೇ ಇಲ್ಲ. ಅವನ ಅತ್ಯುತ್ತಮ ಆಟ ಟಿವಿಗೆ ಬರುವುದೇ ಇಲ್ಲ.

ಆಲ್-22 ಕೋಚ್‌ಗಳು ನೋಡುವ ಫಿಲ್ಮ್. ಸ್ಟೇಡಿಯಂನ ಮೇಲಿಂದ ಹಿಡಿದ ಅಗಲ ಚಿತ್ರ, 22 ಜನರೂ ಕೊನೆಯವರೆಗೆ ಚೌಕಟ್ಟಿನೊಳಗೇ ಇರುತ್ತಾರೆ. ಒಂದೊಂದು ಪ್ಲೇಯನ್ನೂ (ಸ್ನ್ಯಾಪ್‌ನಿಂದ ಚೆಂಡು ನಿಲ್ಲುವ ತನಕದ ಆಟ) ಎರಡು ಸಲ ತೋರಿಸುತ್ತದೆ: ಒಮ್ಮೆ ಸೈಡ್‌ಲೈನ್ ಮೇಲಿಂದ, ಒಮ್ಮೆ ಮೈದಾನದ ತುದಿಯ ಎಂಡ್ ಝೋನ್ ಹಿಂದಿನಿಂದ. ಕಾಮೆಂಟರಿ ಇಲ್ಲ, ಹಾಡಿಲ್ಲ, ಜಾಹೀರಾತಿಲ್ಲ, ಪ್ಲೇಗಳ ನಡುವಿನ ಕಾಯುವಿಕೆಯೂ ಇಲ್ಲ. ಮೊದಲ ದಿನ ಮನೆಯವರು 'ಸಿಸಿಟಿವಿ ನೋಡ್ತಿದೀಯಾ' ಅಂತ ಕೇಳಿದರು, ಮನುಷ್ಯರು ಅಷ್ಟು ಚಿಕ್ಕದಾಗಿ ಕಾಣುತ್ತಾರೆ. ಫೋನಿನಲ್ಲಿ ನೋಡುವ ಆಸೆ ಬಿಡಿ, ದೊಡ್ಡ ಟಿವಿಯೇ ಬೇಕು. ಇದು 2012ರ ತನಕ ಸಾಮಾನ್ಯ ಜನರಿಗೆ ಸಿಗುತ್ತಲೇ ಇರಲಿಲ್ಲ, ತಂಡಗಳ ಒಳಗಿನ ವಸ್ತು. ಈಗಿನ ಚಂದಾ 2022ರಲ್ಲಿ ಶುರುವಾದಾಗ ತಿಂಗಳಿಗೆ 9.99 ಡಾಲರ್ ಇತ್ತು, ಆಮೇಲೆ ಏರಿದೆ. ಆಟ ಮುಗಿದ ಕ್ಷಣದಲ್ಲೇ ಫಿಲ್ಮ್ ಬರುವುದಿಲ್ಲ, ಕಾಯಬೇಕು. ಕಾಲೇಜು ಆಟಗಳು ಇದರಲ್ಲಿಲ್ಲ.

ಮೊದಮೊದಲು ನನ್ನ ಕಣ್ಣೂ ಚೆಂಡಿನ ಹಿಂದೆಯೇ ಓಡುತ್ತಿತ್ತು. ಅದಕ್ಕೆ ಹಳೇ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಹಾಳೆ ಹರಿದು, ಎರಡು ಬೆರಳಗಲದ ಪಟ್ಟಿ ಮಾಡಿ, ಟಿವಿಯ ನಡುವೆ ಕ್ವಾರ್ಟರ್‌ಬ್ಯಾಕ್ ನಿಲ್ಲುವ ಜಾಗಕ್ಕೆ ಅಂಟಿಸಿದೆ. ಕ್ವಾರ್ಟರ್‌ಬ್ಯಾಕ್ ಮರೆಯಾದ. ಆಗ ಅಂಚಿನಲ್ಲಿ ನಡೆಯುವುದು ಕಾಣಿಸತೊಡಗಿತು.

ನಾನು ಮೊದಲು ನೋಡಿದ್ದು ಸೇನ್‌ರಿಸ್ಟಿಲ್‌ನನ್ನಲ್ಲ, ಅವನಿಗಿಂತ ಒಂದು ವರ್ಷ ಮೊದಲು ಇದೇ ತಂಡ ಆರಿಸಿದ ಇಮ್ಯಾನುಯೆಲ್ ಫೋರ್ಬ್ಸ್‌ನನ್ನು. 2023ರ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಮೊದಲ ಸುತ್ತು, 16ನೇ ಆಯ್ಕೆ. ಮಿಸಿಸಿಪಿ ಸ್ಟೇಟ್ ಕಾಲೇಜು ತಂಡದಲ್ಲಿ 14 ಇಂಟರ್‌ಸೆಪ್ಷನ್ (ಎದುರಾಳಿ ಎಸೆದ ಚೆಂಡನ್ನು ಕಸಿಯುವುದು), ಅದರಲ್ಲಿ 6 ಟಚ್‌ಡೌನ್ (ಎಂಡ್ ಝೋನ್ ಮುಟ್ಟಿ ಗಳಿಸುವ ಅಂಕ) ಆಗಿದ್ದವು, ಅದೊಂದು ದಾಖಲೆ. ಎತ್ತರ 6 ಅಡಿ ದಾಟಿತ್ತು. ಆದರೆ ಡ್ರಾಫ್ಟ್‌ಗೆ ಮುಂಚಿನ ಪರೀಕ್ಷೆಯಾದ ಕಂಬೈನ್‌ನಲ್ಲಿ ತೂಗಿದಾಗ ಬಂದದ್ದು 166 ಪೌಂಡ್, ಸುಮಾರು 75 ಕಿಲೊ. ಅವನ ನಂತರದ ಆಯ್ಕೆಯಲ್ಲಿ, 17ನೆಯವನಾಗಿ, ಪೇಟ್ರಿಯಟ್ಸ್ ತಂಡ ಆರಿಸಿದ್ದು ಕ್ರಿಶ್ಚಿಯನ್ ಗೊನ್ಸಾಲೆಜ್ ಎಂಬ ಕಾರ್ನರ್‌ನನ್ನು. ಆ ಹೋಲಿಕೆ ಇಲ್ಲಿನವರ ಬಾಯಲ್ಲಿ ಇನ್ನೂ ನಿಂತಿಲ್ಲ.

ಅಕ್ಟೋಬರ್ 1, 2023ರಂದು ಈಗಲ್ಸ್ ತಂಡದ ಎದುರಿನ ಆಟದಲ್ಲಿ ಫೋರ್ಬ್ಸ್‌ನೆದುರು ನಿಂತವನು ಎ.ಜೆ. ಬ್ರೌನ್, 226 ಪೌಂಡ್‌ನ ರಿಸೀವರ್. ಅಂದು ಬ್ರೌನ್ 175 ಯಾರ್ಡ್, 2 ಟಚ್‌ಡೌನ್ ಗಳಿಸಿದ. ನಾಲ್ಕೇ ದಿನಕ್ಕೆ ಬೇರ್ಸ್ ಆಟ, ಡಿ.ಜೆ. ಮೂರ್ 230 ಯಾರ್ಡ್, 3 ಟಚ್‌ಡೌನ್. ಆಟದ ನಡುವೆಯೇ ಫೋರ್ಬ್ಸ್‌ನನ್ನು ಕೂರಿಸಿದರು. ಟಿವಿಯಲ್ಲಿ ನೋಡಿದವರೆಲ್ಲ 'ಕಡ್ಡಿ ಇದ್ದ ಹಾಗಿದ್ದಾನೆ, ಅದಕ್ಕೇ' ಅಂದರು. ಆಲ್-22ನಲ್ಲಿ ನನಗೆ ಕಂಡದ್ದು ಅರ್ಧ ಅದು, ಅರ್ಧ ಬೇರೆ. ರಿಸೀವರ್ ತೋಳಿನಿಂದ ತಳ್ಳಿದಾಗ ಅವನ ಸೊಂಟ ತಿರುಗಿಬಿಡುತ್ತಿತ್ತು, ಅದು ತೂಕದ ಕೊರತೆ. ಆದರೆ ಅದಕ್ಕೂ ಮೊದಲೇ ಅವನ ಕಣ್ಣು ಕ್ವಾರ್ಟರ್‌ಬ್ಯಾಕ್ ಮೇಲೆ ಹೋಗಿರುತ್ತಿತ್ತು. ಚೆಂಡು ಕದಿಯುವ ಆತುರ. ಕಾಲೇಜಿನಲ್ಲಿ ಅವನಿಗೆ ಹೆಸರು ತಂದುಕೊಟ್ಟ ಅದೇ ಆತುರ ಇಲ್ಲಿ ಅವನನ್ನು ಮುಳುಗಿಸುತ್ತಿತ್ತು. ನೋಡುತ್ತ ಹೊಟ್ಟೆ ಚುರ್ ಅಂದಿತು, ಇಪ್ಪತ್ತೆರಡರ ಹುಡುಗ. ನವೆಂಬರ್ 30, 2024ರಂದು ತಂಡ ಅವನನ್ನು ಬಿಟ್ಟುಕೊಟ್ಟಿತು. ರ‍್ಯಾಮ್ಸ್ ತಂಡ ಎತ್ತಿಕೊಂಡಿತು. ಅಲ್ಲಿ ಅವನಿಗೆ ಒಳ್ಳೆಯದಾಗಲಿ.

ಹೀಗೆ ಕೈ ಸುಟ್ಟುಕೊಂಡ ತಂಡ ಮರುವರ್ಷ ಮತ್ತೊಬ್ಬ ಸಣ್ಣ ಮೈಯವನನ್ನು ಆರಿಸಿತು. ಆ್ಯಡಂ ಪೀಟರ್ಸ್ ಎಂಬ ಹೊಸ ಜನರಲ್ ಮ್ಯಾನೇಜರ್, ಡ್ಯಾನ್ ಕ್ವಿನ್ ಎಂಬ ಹೊಸ ಕೋಚ್. 2024ರ ಎರಡನೇ ಸುತ್ತಿನಲ್ಲಿ ತಮ್ಮ 40, 78, 152ನೇ ಸರದಿಗಳನ್ನು ಈಗಲ್ಸ್‌ಗೆ ಕೊಟ್ಟು 50, 53, 161 ತೆಗೆದುಕೊಂಡರು. ಆ 50ರಲ್ಲಿ ಬಂದವನು ಸೇನ್‌ರಿಸ್ಟಿಲ್. ಬಿಟ್ಟುಕೊಟ್ಟ 40ರಲ್ಲಿ ಈಗಲ್ಸ್ ಆರಿಸಿದ್ದು ಕೂಪರ್ ಡಿಜೀನ್‌ನನ್ನು, 6 ಅಡಿ ಎತ್ತರ, 200 ಪೌಂಡ್ ದಾಟಿದ ಮೈ. ಫೆಬ್ರವರಿ 9, 2025ರ ಸೂಪರ್ ಬೌಲ್‌ನಲ್ಲಿ ಅದೇ ಡಿಜೀನ್ ತನ್ನ 22ನೇ ಹುಟ್ಟುಹಬ್ಬದ ದಿನ ಚೆಂಡು ಕಸಿದು ಟಚ್‌ಡೌನ್ ಮಾಡಿದ. ಇಬ್ಬರಲ್ಲಿ ಒಬ್ಬನನ್ನು ಆರಿಸು ಅಂದರೆ ನಾನೂ ಡಿಜೀನ್ ಅನ್ನುತ್ತೇನೆ, ಅದರಲ್ಲಿ ಮುಚ್ಚುಮರೆ ಬೇಡ. ಆದರೆ 50ನೇ ಸರದಿಗೆ ಸೇನ್‌ರಿಸ್ಟಿಲ್ ನಷ್ಟದ ವ್ಯಾಪಾರ ಅಲ್ಲವೇ ಅಲ್ಲ.

ಸೇನ್‌ರಿಸ್ಟಿಲ್ ಹುಟ್ಟಿದ್ದು ಹೈಟಿಯ ಪೋರ್ಟ್-ಒ-ಪ್ರಿನ್ಸ್‌ನಲ್ಲಿ, ಬೆಳೆದದ್ದು ಮ್ಯಾಸಚೂಸೆಟ್ಸ್‌ನ ಎವರೆಟ್‌ನಲ್ಲಿ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮೊದಲ ಮೂರು ಸೀಸನ್ ಅವನು ರಿಸೀವರ್. 2022ರಲ್ಲಿ ಡಿಫೆನ್ಸ್‌ಗೆ ಬಂದ. ಅಂದರೆ ಡ್ರಾಫ್ಟ್ ಆದಾಗ ಈ ಕಸುಬಿಗೆ ಎರಡೇ ವರ್ಷ. ಆ ಎರಡನೇ ವರ್ಷ 6 ಇಂಟರ್‌ಸೆಪ್ಷನ್. ಜನವರಿ 8, 2024ರ ಕಾಲೇಜು ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಚೆಂಡು ಹಿಡಿದು 81 ಯಾರ್ಡ್ ಓಡಿದ್ದು ಅವನೇ. 2022ರ ಒಹಾಯೊ ಸ್ಟೇಟ್ ಆಟದಲ್ಲಿ ಎಂಡ್ ಝೋನ್‌ನೊಳಗೆ ತನಗಿಂತ ಅರ್ಧ ಅಡಿ ಎತ್ತರದ ಕೇಡ್ ಸ್ಟೋವರ್‌ನ ಕೈಗೆ ಬಂದ ಚೆಂಡನ್ನು ಹೊಡೆದು ಬೀಳಿಸಿದ್ದನ್ನು ನನ್ನ ಮಗ ಎಷ್ಟು ಸಲ ನೋಡಿದ್ದಾನೋ.

ಹಿಂದೆ ರಿಸೀವರ್ ಆಗಿದ್ದುದು ಆಲ್-22ನಲ್ಲಿ ಎದ್ದು ಕಾಣುತ್ತದೆ. ಎದುರಿನವನು ಹೆಜ್ಜೆ ಗಿಡ್ಡ ಮಾಡಿದ ಕೂಡಲೇ ಇವನಿಗೆ ಗೊತ್ತು, ಈಗ ತಿರುಗುತ್ತಾನೆ ಅಂತ. ರಿಸೀವರ್ ಓಡುವ ಎಷ್ಟೋ ರೂಟ್‌ಗಳನ್ನು ತಾನೇ ಓಡಿ ಬಲ್ಲವನು. ಸೊಂಟ ಕೆಳಗೆ, ಹೆಜ್ಜೆ ಚಿಕ್ಕದು, ತಿರುಗುವಾಗ ಮೈ ಮೇಲಕ್ಕೆ ಎದ್ದುಬರುವುದಿಲ್ಲ. ಸ್ಕ್ರೀನ್ ಪಾಸ್ (ಅಡ್ಡಗಟ್ಟುವವರ ಹಿಂದೆ ಎಸೆಯುವ ಗಿಡ್ಡ ಎಸೆತ) ಬಂದಾಗಂತೂ ನಾನು ಎದ್ದು ನಿಂತುಬಿಡುತ್ತೇನೆ. ತನಗಿಂತ ದಪ್ಪದವನು ಬ್ಲಾಕ್ ಮಾಡಲು ಬಂದರೆ ಇವನು ಎದೆ ಕೊಡುವುದಿಲ್ಲ, ಭುಜ ತಗ್ಗಿಸಿ ಕಂಕುಳ ಕೆಳಗಿಂದ ನುಸುಳಿ ಚೆಂಡು ಹಿಡಿದವನ ಕಾಲಿಗೆ ಬೀಳುತ್ತಾನೆ. ಅದು ನಮ್ಮ ಆಂಕಲ್ ಹೋಲ್ಡ್! ಇಪ್ಪತ್ತೈದು ವರ್ಷದ ಹಿಂದೆ ಮಣ್ಣಿನ ಅಂಕಣದಲ್ಲಿ ನಮ್ಮ ಪಿ.ಟಿ. ಮಾಸ್ತರು 'ಮುಖ ನೋಡಬೇಡ, ಕಾಲು ನೋಡು' ಅಂತ ಕೂಗುತ್ತಿದ್ದದ್ದು ಕಿವಿಯಲ್ಲಿ ಕೇಳಿಸಿತು.

ಇಂಥವರಿಗೆ ಸರಿಯಾದ ಜಾಗ ಸ್ಲಾಟ್, ಅಂದರೆ ಒಳಗಡೆಯ ರಿಸೀವರ್‌ನನ್ನು ಕಾಯುವ ನಿಕಲ್ ಕೆಲಸ. ಅಲ್ಲಿ ಎರಡೂ ಕಡೆ ತಿರುಗಲು ಜಾಗ ಇರುತ್ತದೆ, ಚುರುಕಿಗೆ ಬೆಲೆ. ಆದರೆ 2024ರಲ್ಲಿ ತಂಡದ ಪರಿಸ್ಥಿತಿ ಹೇಗಾಯಿತೆಂದರೆ ಅವನನ್ನು ಹೊರಗಡೆ ನಿಲ್ಲಿಸಬೇಕಾಯಿತು, ಉದ್ದದ ರಿಸೀವರ್‌ಗಳ ಎದುರು. ಆ ಕಡೆ ಅವನ ಮಿತಿ ನಿಚ್ಚಳವಾಗಿ ಕಾಣುತ್ತದೆ. ಜಾಗದಲ್ಲಿ ತಪ್ಪಿಲ್ಲ, ಹೆಜ್ಜೆಯಲ್ಲಿ ತಪ್ಪಿಲ್ಲ, ಅಂಟಿಕೊಂಡೇ ಇದ್ದಾನೆ, ಆದರೂ ಚೆಂಡು ಅವನ ಬೆರಳ ಮೇಲಿಂದ ಹೋಗಿ ರಿಸೀವರ್ ಕೈ ಸೇರುತ್ತದೆ. ಇದಕ್ಕೆ ಅಭ್ಯಾಸದ ಮದ್ದಿಲ್ಲ. ಇದನ್ನೂ ಮಗನಿಗೆ ನಿಲ್ಲಿಸಿ ನಿಲ್ಲಿಸಿ ತೋರಿಸಿದೆ, ಬಚ್ಚಿಡಲಿಲ್ಲ.

ಇನ್ನೊಂದು ವಿಷಯ ಕಲಿತೆ. ರಿಸೀವರ್‌ಗೆ ಕೈ ಹಾಕಿ ತಡೆಯುವುದಕ್ಕೆ ಮೊದಲ 5 ಯಾರ್ಡ್ ಒಳಗೆ ಮಾತ್ರ ಅವಕಾಶ, 1978ರಿಂದ ಇದೇ ನಿಯಮ. ಅದರಾಚೆ ಬಲಕ್ಕಿಂತ ಕಾಲು ಮುಖ್ಯ. ಸಣ್ಣ ಮೈಯ ಕಾರ್ನರ್ ಬದುಕುವುದೇ ಆ 5 ಯಾರ್ಡ್‌ನ ಆಚೆ.

ಈ ತಂಡಕ್ಕೆ ಅದು ಹೊಸದೂ ಅಲ್ಲ. 1983ರಲ್ಲಿ ಮೊದಲ ಸುತ್ತಿನ ಕೊನೆಯ, 28ನೇ ಸರದಿಯಲ್ಲಿ ಅವರು ಆರಿಸಿದ ಡ್ಯಾರೆಲ್ ಗ್ರೀನ್ ಕೂಡ 5 ಅಡಿ 9 ಇಂಚಿನವನೇ. 20 ಸೀಸನ್ ಒಂದೇ ತಂಡಕ್ಕೆ ಆಡಿದ, 54 ಇಂಟರ್‌ಸೆಪ್ಷನ್, 2008ರಲ್ಲಿ ಹಾಲ್ ಆಫ್ ಫೇಮ್. ಅವನ 28 ನಂಬರನ್ನು ಇನ್ಯಾರಿಗೂ ಕೊಡದ ಹಾಗೆ ತಂಡ ನಿವೃತ್ತಿಗೊಳಿಸಿದ್ದು ಅಕ್ಟೋಬರ್ 2024ರಲ್ಲಿ, ಸೇನ್‌ರಿಸ್ಟಿಲ್‌ನ ಮೊದಲ ಸೀಸನ್ ನಡೆಯುತ್ತಿದ್ದಾಗಲೇ. ಗ್ರೀನ್‌ನ ಓಟದ ವೇಗ ಇವನಿಗಿಲ್ಲ, ಅದನ್ನು ಒಪ್ಪಬೇಕು. 40 ಯಾರ್ಡ್‌ಗೆ ಇವನದು 4.47 ಸೆಕೆಂಡ್, ಒಳ್ಳೆಯದು, ಅಸಾಧಾರಣ ಅಲ್ಲ.

ಲೀಗ್ ಹಂತದಲ್ಲಿ ಅವನಿಗೆ ಸಿಕ್ಕಿದ್ದು 2 ಇಂಟರ್‌ಸೆಪ್ಷನ್. ಜನವರಿ 18, 2025ರಂದು ಡೆಟ್ರಾಯ್ಟ್‌ನಲ್ಲಿ ಲಯನ್ಸ್ ಎದುರು, ಒಂದೇ ರಾತ್ರಿಯಲ್ಲಿ ಮತ್ತೆರಡು. 15 ಗೆದ್ದು 2 ಸೋತ ತಂಡವನ್ನು ಕಮಾಂಡರ್ಸ್ 45-31ರಿಂದ ಮನೆಗೆ ಕಳಿಸಿತು. ಒಂದು ಚೆಂಡನ್ನು ಜೆರೆಡ್ ಗಾಫ್ ಎಸೆದದ್ದು, ಎಂಡ್ ಝೋನ್‌ನಲ್ಲಿ ಹಿಡಿದ. ಇನ್ನೊಂದು ಲಯನ್ಸ್ ಹೂಡಿದ ಮೋಸದ ಪ್ಲೇ, ರಿಸೀವರ್ ಜೇಮ್ಸನ್ ವಿಲಿಯಮ್ಸ್ ಎಸೆದ ಚೆಂಡು. ಮುಂದಿನ ವಾರ ಈಗಲ್ಸ್ ಇದೇ ಡಿಫೆನ್ಸ್ ಮೇಲೆ 55 ಪಾಯಿಂಟ್ ಸುರಿದದ್ದೂ ನಿಜ.

ಚಂದಾ ಕಟ್ಟಬೇಕೆಂದಿರುವವರು ಆ ಲಯನ್ಸ್ ಆಟದಿಂದಲೇ ಶುರು ಮಾಡಿ. ಮೊದಲು ಪ್ರಸಾರದ ಕೋನದಲ್ಲಿ ಒಂದು ಪ್ಲೇ, ಆಮೇಲೆ ಅದೇ ಪ್ಲೇ ಆಲ್-22ನಲ್ಲಿ. ದಿನಕ್ಕೆ ಒಂದು ಕ್ವಾರ್ಟರ್‌ಗಿಂತ ಜಾಸ್ತಿ ಬೇಡ, ಕಣ್ಣು ಸೋಲುತ್ತದೆ. ಸುಮ್ಮನೆ ಆಟದ ಮಜಾ ಬೇಕು ಅನ್ನುವವರಿಗೆ ಇದು ದಂಡ, ಪ್ರಸಾರವೇ ಸಾಕು. ಮನೆಯಲ್ಲಿ ಆಡುವ ಮಕ್ಕಳಿದ್ದರೆ, ಅದರಲ್ಲೂ ಕಾರ್ನರ್ ಅಥವಾ ಸೇಫ್ಟಿ ಆಡುವವರಿದ್ದರೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ, ಕಾಲೇಜು ಆಟಗಳು ಇಲ್ಲದ್ದಕ್ಕೆ ಕಳೆದದ್ದು.

ಮಗನಿಗೆ ಈಗ 5 ಅಡಿ 4 ಇಂಚು. ಈ ವರ್ಷ ಹೊಸ ತಂಡದಲ್ಲಿ ನಿಕಲ್ ಜಾಗಕ್ಕೆ ತಾನೇ ಕೇಳಿಕೊಂಡು ಸೇರಿದ್ದಾನೆ. ಕ್ಯಾಲೆಂಡರಿನ ಪಟ್ಟಿ ಟಿವಿ ಮೇಲೆ ಹಾಗೇ ಇದೆ. ಊರಿಂದ ಬಂದ ಅತ್ತೆಯವರು ಧಾರಾವಾಹಿ ನೋಡಲು ಅಡ್ಡ ಆಗುತ್ತೆ ಅಂತ ಕೀಳಲು ಹೋದರೆ, 'ಅಜ್ಜಿ, ಅದನ್ನ ಮುಟ್ಟಬೇಡಿ' ಅಂತ ಓಡಿ ಬಂದ.