500 ರೂಪಾಯಿಗೆ ಸಂಬಳದ ಸಲಹೆ: ದಾವಣಗೆರೆಯ ಒಂದು ಕನ್ಸಲ್ಟೆನ್ಸಿ ಹೇಗಿದೆ?

ಪಿ.ಜೆ. ಬಡಾವಣೆಯಲ್ಲಿ ಮಹಡಿ ಮೇಲಿರೋ ಒಂದು ಉದ್ಯೋಗ ಕನ್ಸಲ್ಟೆನ್ಸಿ. ಬೈಯೋದೂ ಸ್ವಲ್ಪ ಇರೋದ್ರಿಂದ ಹೆಸರು ಹಾಕಲ್ಲ. ಕೆಲಸ ಕೊಡಿಸೋದು ಅವರ ಮುಖ್ಯ ವ್ಯವಹಾರ. ಜೊತೆಗೆ 500 ರೂಪಾಯಿ ತಗೊಂಡು, ನಿಮ್ಮ ಕೆಲಸಕ್ಕೆ ಎಷ್ಟು ಸಂಬಳ ಕೇಳಬಹುದು ಅಂತ ಕೂತು ಹೇಳ್ತಾರೆ. ನಾನು ಹೋಗಿದ್ದು ಅದಕ್ಕೆ.

ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಅಕೌಂಟ್ಸ್ ನೋಡ್ಕೊಳ್ತೀನಿ. ಬಿಕಾಂ, ಟ್ಯಾಲಿ. 2017ರಲ್ಲಿ ಜಿಎಸ್‌ಟಿ ಬಂದಾಗಿನಿಂದ ರಿಟರ್ನ್ಸ್ ಎಲ್ಲ ನನ್ನ ಕೈಯಲ್ಲೇ. ಸಂಬಳ 22,000.

ಮೊದಲು ಒಂದು ಫಾರಂ ಕೊಟ್ರು. ಮದುವೆ ಆಗಿದೆಯಾ, ಮಕ್ಕಳೆಷ್ಟು, ಗಂಡನ ಕೆಲಸ ಏನು... ಸಂಬಳಕ್ಕೂ ಅದಕ್ಕೂ ಏನ್ರಿ ಸಂಬಂಧ? ಆ ಜಾಗ ಖಾಲಿ ಬಿಟ್ಟೆ, ಯಾರೂ ಕೇಳಲಿಲ್ಲ.

ಒಳಗಿದ್ದ ಮೇಡಂ ಮಾತ್ರ ಕಸುಬು ಗೊತ್ತಿರೋರು. "ಎಷ್ಟು ವರ್ಷದ ಅನುಭವ ಅನ್ನೋದು ಆಮೇಲೆ ನೋಡೋಣ. 2ಬಿ ಯಾರು ತಾಳೆ ಹಾಕ್ತಾರೆ?" ಅಂದ್ರು. (2ಬಿ ಅಂದ್ರೆ, ಸಪ್ಲೈಯರ್‌ಗಳು ಹಾಕಿದ ಬಿಲ್‌ಗಳ ಮೇಲೆ ನಮಗೆಷ್ಟು ತೆರಿಗೆ ಕ್ರೆಡಿಟ್ ಸಿಗುತ್ತೆ ಅಂತ ಜಿಎಸ್‌ಟಿ ಪೋರ್ಟಲ್ ತಿಂಗಳು ತಿಂಗಳು ತೋರಿಸೋ ಪಟ್ಟಿ.)

"ನಾನೇ ಮೇಡಂ."

"ಸಪ್ಲೈಯರ್ ಬಿಲ್ ಹಾಕಿರದೇ ಇದ್ರೆ?"

"ಹನ್ನೊಂದನೇ ತಾರೀಖಿನೊಳಗೇ ಫೋನ್ ಹಚ್ಚಿ ಹಾಕಿಸ್ತೀನಿ. 14ಕ್ಕೆ 2ಬಿ ಬರುತ್ತಲ್ಲ, ಅದರಲ್ಲಿ ಇಲ್ಲ ಅಂದ್ರೆ ಆ ತಿಂಗಳ ಕ್ರೆಡಿಟ್ ಹೋದಂಗೇ. 20ರೊಳಗೆ 3ಬಿ ರಿಟರ್ನ್ ಹಾಕಿ ತೆರಿಗೆ ಕಟ್ಟಬೇಕು."

"ನೋಟಿಸ್ ಬಂದ್ರೆ?"

"ಉತ್ತರ ನಾನೇ ಬರೀತೀನಿ, ಆಡಿಟರ್ ಒಂದ್ಸಲ ಕಣ್ಣಾಡಿಸ್ತಾರೆ."

ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೆದ್ರು. ಎಡಕ್ಕೆ ಬಿಲ್ ಎಂಟ್ರಿ, ಬ್ಯಾಂಕ್ ಎಂಟ್ರಿ, ಕ್ಯಾಶ್ ಬುಕ್. ಬಲಕ್ಕೆ 2ಬಿ, ನೋಟಿಸ್, ಬಾಕಿ ವಸೂಲಿ ಪಟ್ಟಿ. "ಎಡಗಡೆದನ್ನ ಕಾಲೇಜು ಮುಗಿಸಿ ಬಂದ ಹುಡುಗ ಕಡಿಮೆ ಸಂಬಳಕ್ಕೂ ಮಾಡ್ತಾನೆ. ನೀವು ಬಿಟ್ರೆ ಬಲಗಡೆದನ್ನ ನಿಮ್ಮ ಯಜಮಾನ್ರು ಹೊರಗೆ ಎಷ್ಟು ಕೊಟ್ಟು ಮಾಡಿಸ್ಬೇಕು? ಅದನ್ನ ಕೇಳ್ಕೊಂಡು ಬನ್ನಿ" ಅಂದ್ರು. 500 ರೂಪಾಯಿ ಅಲ್ಲಿಗೇ ವಸೂಲಾಯ್ತು.

ಬೆಂಗಳೂರಿನ ಒಂದು ಆಫರ್‌ ಕೂಡ ಬಿಡಿಸಿ ತೋರಿಸಿದ್ರು. ವರ್ಷಕ್ಕೆ 4.2 ಲಕ್ಷ ಸಿಟಿಸಿ (ನಮಗಾಗಿ ಕಂಪನಿ ಮಾಡೋ ಒಟ್ಟು ಖರ್ಚು), ಅಂದ್ರೆ ತಿಂಗಳಿಗೆ 35,000. ಅದರಲ್ಲಿ ಬೇಸಿಕ್ (ಮೂಲ ವೇತನ) 17,500. ಆ 35,000ದಲ್ಲಿ ಕಂಪನಿ ಪಾಲಿನ ಪಿಎಫ್ 1,800, ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗೋ ಇಡಿಗಂಟು) ಹೆಸರಲ್ಲಿ 840ರಷ್ಟು, ನಮ್ಮ ಪಾಲಿನ ಪಿಎಫ್ ಮತ್ತೆ 1,800, ವೃತ್ತಿ ತೆರಿಗೆ 200 ಕಳೀಬೇಕು. ಕೈಗೆ ಸಿಗೋದು 30,360. ಅದರಲ್ಲೇ ಪಿಜಿ ಬಾಡಿಗೆ, ಊಟ, ಬಸ್ಸು. ಹಾಗಂತ ನನ್ನ 22,000ಕ್ಕೂ ಆ 30,360ಕ್ಕೂ ನೇರ ಹೋಲಿಕೆ ಇಲ್ಲ ಅಂತಾನೂ ಹೇಳಿದ್ರು, ಅದು ಇಷ್ಟ ಆಯ್ತು. ಪಿಎಫ್ ಕಡ್ಡಾಯ ಆಗೋದು 20 ಜನ ಕೆಲಸಕ್ಕಿದ್ದ ಕಡೆ. ಗ್ರಾಚ್ಯುಟಿ 10 ಜನ ಇದ್ದ ಕಡೆ. ನಮ್ಮ ಅಂಗಡಿಯಲ್ಲಿ ಹತ್ತು ಜನರೂ ಇಲ್ಲ. ಅಲ್ಲಿ ಎರಡೂ ಪಾಲಿನ ಪಿಎಫ್ ಸೇರಿ ತಿಂಗಳಿಗೆ 3,600 ನನ್ನ ಹೆಸರಲ್ಲಿ ಕೂಡ್ತಾ ಹೋಗುತ್ತೆ, ಇಲ್ಲಿ ಕೂಡೋದು ಸೊನ್ನೆ.

ಇನ್ನು ಬೈಗುಳ. ಕೊನೆಗೆ ಕೊಟ್ಟ ಪ್ರಿಂಟ್ ವರದಿಯಲ್ಲಿ "ನಿಮ್ಮ ಮಾರುಕಟ್ಟೆ ಮೌಲ್ಯ 25,000ದಿಂದ 45,000" ಅಂತಿತ್ತು. ಇಷ್ಟು ಅಗಲ ಬಾಯಿ ಬಿಟ್ಟು ಹೇಳೋಕೆ ಯಾರು ಬೇಕು? ದಾವಣಗೆರೆಯಲ್ಲಿ ಯಾವ ಅಂಗಡಿಯವರು 45,000 ಕೊಡ್ತಾರೆ ಅಂತ ಕೇಳಿದ್ರೆ ಕೌಂಟರಿನ ಹುಡುಗ ಕಂಪ್ಯೂಟರ್ ಕಡೆ ಕೈ ತೋರಿಸ್ದ. ಇನ್ನೊಂದು: ಅವರ ಮೂಲಕ ಕೆಲಸ ಸಿಕ್ರೆ ಅರ್ಧ ತಿಂಗಳ ಸಂಬಳ ಅವರಿಗೆ. ಸಂಬಳ ದೊಡ್ಡದಾದಷ್ಟೂ ಅವರ ಪಾಲೂ ದೊಡ್ಡದು. ಮಾತು ಮಾತಿಗೂ ಬೆಂಗಳೂರು ಅನ್ನೋದು ಅದಕ್ಕೇ ಇರ್ಬೇಕು.

ಊರಿನ ರೇಟು ನನಗೆ ಸಿಕ್ಕಿದ್ದು ಆಡಿಟರ್ ಆಫೀಸಿನ ಬೆಂಚಿನ ಮೇಲೆ, ಫೈಲ್ ಹಿಡ್ಕೊಂಡು ಕೂತ ಬೇರೆ ಅಂಗಡಿಗಳ ಅಕೌಂಟೆಂಟ್‌ಗಳಿಂದ. "ನಿಮಗೆಷ್ಟು ಕೊಡ್ತಾರೆ" ಅಂದ್ರೆ ಯಾರೂ ಬಾಯಿ ಬಿಡಲ್ಲ. "ನೀವು ಬಿಟ್ರೆ ಹೊಸಬ್ರಿಗೆ ಎಷ್ಟು ಕೊಡ್ಬಹುದು" ಅಂದ್ರೆ ಎಲ್ಲರೂ ಹೇಳ್ತಾರೆ!

ಆ ಗೆರೆ ಎಳೆದ ಹಾಳೆಯನ್ನೇ ಯಜಮಾನ್ರ ಮುಂದಿಟ್ಟು 28,000 ಕೇಳಿದೆ. ಯುಗಾದಿಯಿಂದ 26,000 ಅಂದಿದ್ದಾರೆ. 25,000 ದಾಟೋದ್ರಿಂದ ಇನ್ಮೇಲೆ ನನಗೂ 200 ರೂಪಾಯಿ ವೃತ್ತಿ ತೆರಿಗೆ.

ಮೇಡಂಗೆ ಐದಕ್ಕೆ ನಾಲ್ಕೂವರೆ, ವರದಿಗೆ ಒಂದು. ಹೋಗೋರು ಫೋನ್ ಮಾಡಿ ಮೇಡಂ ಇದ್ದಾರಾ ಅಂತ ಕೇಳ್ಕೊಂಡೇ ಹೋಗಿ. ಕಲರ್ ಪ್ರಿಂಟ್ ಅಂತ ಇನ್ನೂ 200 ಕೇಳ್ತಾರೆ, ಬೇಡ ಅನ್ನಿ.